ತಳದ ನೀರು

ಗುರುವಾರ ಸಂಜೆ ಇಪ್ಪತ್ತು ಕುರ್ಚಿ ಹಾಕುತ್ತೇನೆ.
ಬರುವವರು ಒಂಬತ್ತು; ಮಳೆಯಿದ್ದರೆ ಹನ್ನೊಂದು,
ನಮ್ಮ ಸಭಾಂಗಣದಲ್ಲಿ ಹೀಟರಿದೆ, ಅದಕ್ಕೆ.
ಹಿಂದೆ ಇಲ್ಲಿ ಫಿನ್ನಿಷ್ ಹೆಂಗಸರು ಬಲೆ ಹೆಣೆಯುತ್ತಿದ್ದರು, ನನ್ನಜ್ಜಿಯೂ.
ಗೋಡೆಯ ಮೊಳೆಗಳು ಹಾಗೇ ಇವೆ,
ಈಗ ಅವಕ್ಕೆ ಒದ್ದೆ ಕೋಟು ನೇತುಹಾಕುತ್ತಾರೆ.

ಬಾಗಿಲಿಗೆ ನಾನೇ ಬರೆದು ಅಂಟಿಸಿದ ಚೀಟಿ:
‘ಕೊಲಂಬಿಯಾದ ಅಳಿವೆಯನ್ನು ಅರಿಯೋಣ. ಪಾಠ ನಾಲ್ಕು.
ಪ್ರವೇಶ ಉಚಿತ. ಕಾಫಿಗೆ ಡಬ್ಬಿಯಲ್ಲಿ ಕಾಸು ಹಾಕಿ.’
ಅಡಿಯಲ್ಲಿ ಯಾರೋ ಪೆನ್ಸಿಲಿನಿಂದ ಗೀಚಿದ್ದಾರೆ:
‘ಅರಿಯದೆಯೇ ಎಪ್ಪತ್ತೆಂಟು ವರ್ಷ ಬದುಕಿದ್ದೇವೆ.’

ಆ ಕೈಬರಹ ನನಗೆ ಗೊತ್ತು.
ತೌನೋ ಕೆಸ್ತಿಲಾ. ಕೊನೆಯ ಸಾಲು, ಗೋಡೆ ಬದಿ.
ಟೋಪಿ ತೆಗೆಯುವುದಿಲ್ಲ, ಪ್ರಶ್ನೆ ಕೇಳುವುದಿಲ್ಲ,
ಕಾಫಿ ಎರಡು ಲೋಟ. ಡಬ್ಬಿಗೆ ಒಂದರದ್ದೇ ಕಾಸು.

ಪಾಠ ಹೇಳುವ ಮಾರಿಸೇಲಾಗೆ ಇಪ್ಪತ್ತೇಳಿರಬೇಕು.
ಕೆಸರು ಬೂಟಿನಲ್ಲೇ ಒಳಗೆ ಬರುತ್ತಾಳೆ, ಒರೆಸುವವಳು ನಾನು.
ಮೊದಲ ವಾರ ಸೀಗಡಿ, ಎರಡನೆಯ ವಾರ ಹೂಳು,
ಮೂರನೆಯ ವಾರ ಚಿನೂಕ್ ಮುದುಕಿಯೊಬ್ಬರನ್ನು ಕರೆತಂದಿದ್ದಳು;
ಆಕೆ ನಕ್ಷೆಯ ಹೆಸರುಗಳನ್ನೆಲ್ಲ ಬೆರಳಿನಿಂದ ಮುಚ್ಚಿ
ಅಡಿಯಲ್ಲಿದ್ದ ಹೆಸರನ್ನು ಒಂದೊಂದಾಗಿ ಹೇಳಿದರು.
ನಾವು ಹಿಂದಿನಿಂದ ಹೇಳಲು ಹೋದೆವು, ನಾಲಿಗೆ ತೊಡರಿತು.

ಇವತ್ತು ಒಂದು ಗಾಜಿನ ತೊಟ್ಟಿ.
ನಡುವೆ ಅಡ್ಡಹಲಗೆ. ಈ ಬದಿ ನಲ್ಲಿಯ ನೀರು,
ಆ ಬದಿ ಉಪ್ಪು ಕದಡಿದ ಬೀಟ್‌ರೂಟ್ ಕೆಂಪು.
‘ಇದು ನದಿ, ಅದು ಕಡಲು. ಎಲ್ಲಿ ಕೂಡುತ್ತವೆ?’
‘ನಡುವೆ’ ಎಂದಳು ಮುಂದಿನ ಸಾಲಿನ ಹುಡುಗಿ.
ಮಾರಿಸೇಲಾ ಹಲಗೆ ಎತ್ತಿದಳು.

ಕೂಡಲಿಲ್ಲ.
ಕೆಂಪು ತಗ್ಗಿತು. ಬಾಗಿಲ ಸಂದಿಯಲ್ಲಿ ನುಸುಳುವ ಬೆಕ್ಕಿನ ಹಾಗೆ
ಮೈ ಚಪ್ಪಟೆ ಮಾಡಿ, ತಳ ಹಿಡಿದು, ನದಿಯೊಳಕ್ಕೆ ನಡೆಯಿತು.
ಮೇಲೆ ಉದುರಿಸಿದ್ದ ಮೆಣಸಿನ ಪುಡಿ ಮಾತ್ರ
ಏನೂ ಆಗಿಲ್ಲವೆಂಬಂತೆ ಕಡಲ ಕಡೆ ತೇಲಿತು.

‘ಇನ್ನೊಮ್ಮೆ’ ಎಂದಿತೊಂದು ಗಂಟಲು.
ತೌನೋ. ಎದ್ದು ನಿಂತಿದ್ದ. ಟೋಪಿ ಕೈಯಲ್ಲಿ.

ಚೆಲ್ಲಿ, ತೊಳೆದು, ಮತ್ತೆ ತುಂಬಿದ್ದಾಯಿತು.
ಇನ್ನೊಮ್ಮೆ. ಮತ್ತೂ ಒಮ್ಮೆ.
ಬೀಟ್‌ರೂಟ್ ರಸ ತೀರಿತು.

ಆಮೇಲೆ ತೊಟ್ಟಿಗೇ ಹೇಳುವಂತೆ ಹೇಳಿದ:
ದೋಣಿ ಮಗುಚಿದ್ದು ಮರಳದಿಬ್ಬದ ಹತ್ತಿರ, ಇಳಿತದ ಹೊತ್ತು.
ಎಲ್ಲರೂ ಕಡಲಲ್ಲಿ ಹುಡುಕಿದರು, ಹನ್ನೊಂದು ದಿನ.
ವಿಲ್ಯೋ ಸಿಕ್ಕಿದ್ದು ಒಂಬತ್ತು ಮೈಲಿ ಮೇಲೆ,
ಕ್ಯಾನರಿಯ ಕಂಬಗಳ ನಡುವೆ, ನಮ್ಮ ಬೀದಿಯ ಕೆಳಗೇ.
ಹೊಳೆಗೆ ಎದುರಾಗಿ ಹೆಣ ಹೋಗುತ್ತದೆಯೇ?
ಊರು ಹೇಳಿತು: ಅವನು ದೋಣಿ ಹತ್ತಿರಲೇ ಇಲ್ಲ, ಕುಡಿದು ಕಟ್ಟೆಯಿಂದ ಬಿದ್ದ.
ಅಮ್ಮ ಹೇಳಿದಳು: ಮನೆಗೆ ನಡೆದು ಬರುತ್ತಿದ್ದ.
ಅವನ ಕೈ ಎಲ್ಲಿ ಬಿಟ್ಟೆನೆಂದು
ನನಗೊಬ್ಬನಿಗೇ ಗೊತ್ತಿತ್ತು.
ಕೊನೆಕೊನೆಗೆ ನನಗೂ ಅನುಮಾನ ಬಂದಿತ್ತು.

ಯಾರೂ ಕೆಮ್ಮಲಿಲ್ಲ. ಹೀಟರು ಗುರುಗುಟ್ಟಿತು.
ಮಾರಿಸೇಲಾ ಏನೋ ಹೇಳಲು ಹೋಗಿ
ತೊಟ್ಟಿಯನ್ನು ಅವನತ್ತ ತುಸು ತಿರುಗಿಸಿದಳು, ಅಷ್ಟೆ.
ಹುಡುಗಿ ತನ್ನ ಪುಸ್ತಕದಲ್ಲಿ ಬಾಣ ಬಿಡಿಸುತ್ತಿದ್ದಳು,
ಮೇಲೊಂದು ಆ ಕಡೆಗೆ, ಕೆಳಗೊಂದು ಈ ಕಡೆಗೆ.

ಎಲ್ಲ ಹೋದ ಮೇಲೆ ಕುರ್ಚಿ ಮಡಿಚಿದೆ.
ತೊಟ್ಟಿ ಚೆಲ್ಲಲು ಮನಸ್ಸಾಗಲಿಲ್ಲ, ಮೇಜಿನ ಮೇಲೇ ಬಿಟ್ಟೆ.
ಬೆಳಿಗ್ಗೆ ನೋಡಿದರೆ ಒಂದೇ ಬಣ್ಣ,
ಒಗೆದೊಗೆದ ಬಟ್ಟೆಯಂಥ ತೆಳು ಗುಲಾಬಿ.

ಡಬ್ಬಿಯಲ್ಲಿ ಇಪ್ಪತ್ತರ ನೋಟೊಂದು ಹೆಚ್ಚಿತ್ತು.
ಹೊಸ ಚೀಟಿ ಬರೆದು ಅಂಟಿಸಿದೆ:
‘ಪಾಠ ಐದು: ಕೆಸರಿನಲ್ಲಿ ನಡಿಗೆ. ಬೂಟು ತನ್ನಿ.
ಪೂರ್ತಿ ಇಳಿತ ಬೆಳಿಗ್ಗೆ ಆರು ನಲವತ್ತಕ್ಕೆ.’
ಸಂಜೆಯೊಳಗೆ ಪೆನ್ಸಿಲು ತಿದ್ದಿತ್ತು:
‘ಆರು ಇಪ್ಪತ್ತೈದು. ನಮ್ಮ ಕಟ್ಟೆಯ ಬಳಿ ಮೊದಲೇ ಇಳಿಯುತ್ತದೆ.’